ವಿವೇಕಿ ಮಂತ್ರಿ ಮಹಮೂದ್ ಗವಾನ್

ಬೀದರ್ ನಗರದ ನಡುವೆ ಚೌಬಾರಾ ಎಂಬ ಗುಂಡನೆಯ ಗೋಪುರವಿದೆ. ಅಲ್ಲಿಂದ ಕೋಟೆಯ ಕಡೆಗೆ ಸಾಗುವ ಬೀದಿಯಲ್ಲಿ ವಿಶಾಲವಾದ ಹಳೆಯ ಕಟ್ಟಡವೊಂದು ಎದುರಾಗುತ್ತದೆ. ಅದರ ಮುಂಭಾಗದ ಒಂದು ಪಾರ್ಶ್ವ ಕುಸಿದುಹೋಗಿದೆ. ಎರಡು ಮಿನಾರುಗಳಿದ್ದ ಕಡೆ ಈಗ ಒಂದೇ ಮಿನಾರು ನಿಂತಿದೆ. ಅದರ ಮೈಗೆ ಹೊದಿಸಿದ್ದ ನೀಲಿ, ಹಸಿರು, ಹಳದಿ, ಬಿಳಿಯ ಮೆರುಗುಬಿಲ್ಲೆಗಳು ಬಹಳಷ್ಟು ಉದುರಿದ್ದರೂ ಉಳಿದವು ಇಂದಿಗೂ ಬಿಸಿಲಿಗೆ ಹೊಳೆಯುತ್ತವೆ. ಜನವಾಡ, ಭಾಲ್ಕಿ, ಔರಾದಗಳ ಕಡೆಯಿಂದ ಸಂತೆಗೋ ಕಚೇರಿಯ ಕೆಲಸಕ್ಕೋ ಬೀದರಿಗೆ ಬರುವವರಿಗೆ ಈ ಕಟ್ಟಡ ಚಿರಪರಿಚಿತ. ಇದು ಅರಸರ ಅರಮನೆಯಲ್ಲ, ಸುಲ್ತಾನರ ಗೋರಿಯೂ ಅಲ್ಲ. ಐದೂವರೆ ಶತಮಾನಗಳ ಹಿಂದೆ ಕಟ್ಟಿಸಿದ ಒಂದು ವಿದ್ಯಾಲಯ. ಇದನ್ನು ಕಟ್ಟಿಸಿದವನು ಬಹಮನಿ ರಾಜ್ಯದ ಪ್ರಧಾನಮಂತ್ರಿಯಾಗಿದ್ದ ಮಹಮೂದ್ ಗವಾನ್. ಪ್ರಶ್ನಿಸಿ, ಪರೀಕ್ಷಿಸಿ ಜ್ಞಾನವನ್ನು ಬೆಳೆಸಲೆಂದು ಮಂದಿರ ಕಟ್ಟಿದ ಈ ಮಹಾನುಭಾವನು, ಯಾರೂ ಪರೀಕ್ಷಿಸದ ಒಂದು ಹಾಳೆಯಿಂದಾಗಿ ಪ್ರಾಣ ಕಳೆದುಕೊಂಡನು. ಅವನ ಬಾಳು ಎಷ್ಟು ಉಜ್ವಲವೋ ಅವನ ಸಾವು ಅಷ್ಟೇ ಬೋಧಪ್ರದವಾದುದು.

ಇರಾನ್ ದೇಶದ ಉತ್ತರದಲ್ಲಿ, ಕ್ಯಾಸ್ಪಿಯನ್ ಸಮುದ್ರದ ತೀರದಲ್ಲಿ, ಗೀಲಾನ್ ಎಂಬ ಪ್ರಾಂತವಿದೆ. ಆ ಪ್ರಾಂತದ ಗವಾನ್ ಎಂಬ ಊರಿನಲ್ಲಿ 1411ರಲ್ಲಿ ಮಹಮೂದನು ಜನಿಸಿದನು. ಊರಿನ ಹೆಸರೇ ಅವನ ಹೆಸರಿಗೆ ಅಂಟಿಕೊಂಡಿತು. ಅವನ ಮನೆತನದವರು ಅಲ್ಲಿನ ಅರಸರಲ್ಲಿ ಮಂತ್ರಿಪದವಿಯನ್ನು ನಿರ್ವಹಿಸಿದವರು. ಆದರೆ ಅರಮನೆಯ ಒಳಜಗಳಗಳೂ ಅಸೂಯೆಯೂ ಅವನನ್ನು ತಾಯ್ನಾಡಿನಲ್ಲಿ ನೆಮ್ಮದಿಯಿಂದಿರಲು ಬಿಡಲಿಲ್ಲ. ಅಧಿಕಾರದ ಆಸೆಯನ್ನು ಬದಿಗೊತ್ತಿ ಅವನು ವ್ಯಾಪಾರವನ್ನು ಕೈಕೊಂಡನು. ಸರಕಿನೊಡನೆ ದೇಶದಿಂದ ದೇಶಕ್ಕೆ ಸಂಚರಿಸಿದನು. ಹೋದ ಹೋದ ಪಟ್ಟಣಗಳಲ್ಲಿ ಅಂಗಡಿಬೀದಿಯನ್ನು ಹುಡುಕಿದಷ್ಟೇ ಆಸಕ್ತಿಯಿಂದ ವಿದ್ವಾಂಸರ ಮನೆಗಳನ್ನೂ ಹುಡುಕಿದನು. ಕೈರೋ, ಡಮಾಸ್ಕಸ್ ಮೊದಲಾದ ವಿದ್ಯಾಕೇಂದ್ರಗಳ ಪಂಡಿತರ ಸಹವಾಸ ಅವನಿಗೆ ದೊರೆಯಿತು. ವ್ಯಾಪಾರಿಗೆ ನಾಣ್ಯವನ್ನು ಒರೆಗೆ ಹಚ್ಚಿ ನೋಡುವ ಅಭ್ಯಾಸವಿರುತ್ತದೆ. ವಿದ್ವಾಂಸನಿಗೆ ಮಾತನ್ನು ಒರೆಗೆ ಹಚ್ಚಿ ನೋಡುವ ಅಭ್ಯಾಸವಿರಬೇಕು. ಈ ಎರಡು ಅಭ್ಯಾಸಗಳೂ ಮಹಮೂದನಲ್ಲಿ ಕೂಡಿಬಂದವು.

ಸುಮಾರು 1453ರಲ್ಲಿ, ನಲವತ್ತು ದಾಟಿದ ವಯಸ್ಸಿನಲ್ಲಿ, ಅವನು ಕೊಂಕಣ ತೀರದ ದಾಭೋಳ ಬಂದರಿನಲ್ಲಿ ಬಂದಿಳಿದನು. ಅಲ್ಲಿಂದ ಬಹಮನಿ ರಾಜ್ಯದ ರಾಜಧಾನಿಯಾದ ಬೀದರಿಗೆ ಬಂದನು. ಬಹಮನಿ ರಾಜ್ಯವು 1347ರಲ್ಲಿ ಸ್ಥಾಪನೆಯಾಗಿ ಮೊದಲು ಕಲಬುರಗಿಯನ್ನು ರಾಜಧಾನಿಯಾಗಿ ಮಾಡಿಕೊಂಡಿತ್ತು. ಒಂದನೆಯ ಅಹಮದ್ ಷಾ ಅದನ್ನು ಬೀದರಿಗೆ ಬದಲಾಯಿಸಿದ್ದನು. ವಿದ್ಯೆಯ ವಿಚಾರದಲ್ಲಿ ಈ ರಾಜ್ಯಕ್ಕೆ ಒಳ್ಳೆಯ ಹೆಸರಿತ್ತು. ಅಹಮದ್ ಷಾನ ಅಣ್ಣನಾದ ಫಿರೋಜ್ ಷಾ ಖಗೋಳಶಾಸ್ತ್ರದಲ್ಲಿ ಅಭಿರುಚಿಯುಳ್ಳವನು. ದೌಲತಾಬಾದಿನ ಬಳಿ ಗ್ರಹನಕ್ಷತ್ರಗಳನ್ನು ನೋಡಲು ವೇಧಶಾಲೆಯೊಂದನ್ನು ಕಟ್ಟಿಸಲು ಅವನು ತೊಡಗಿದ್ದನು. ಆದರೆ ಅದು ಪೂರ್ಣವಾಗಲಿಲ್ಲ. ಇಂತಹ ರಾಜ್ಯದಲ್ಲಿ ಬಹುದೇಶ ಸುತ್ತಿ ಬಂದ ವಿದ್ಯಾವಂತ ವರ್ತಕನಿಗೆ ಆದರ ದೊರೆತದ್ದು ಆಶ್ಚರ್ಯವಲ್ಲ. ಮಹಮೂದನು ಬೀದರಿನಿಂದ ಮುಂದೆ ದೆಹಲಿಗೆ ಹೋಗಬೇಕೆಂದಿದ್ದನು. ಅವನ ಗುಣವನ್ನು ಕಂಡ ಎರಡನೆಯ ಅಲಾವುದ್ದೀನ್ ಅಹಮದ್ ಷಾ ಅವನನ್ನು ತನ್ನ ಬಳಿಯೇ ನಿಲ್ಲಿಸಿಕೊಂಡು ಅಧಿಕಾರಸ್ಥಾನವನ್ನು ಕೊಟ್ಟನು.

ಅಲ್ಲಿಂದ ಮುಂದೆ ಮಹಮೂದನು ನಾಲ್ವರು ಸುಲ್ತಾನರಿಗೆ ಸೇವೆ ಸಲ್ಲಿಸಿದನು. ಅಲಾವುದ್ದೀನನ ಕಾಲದಲ್ಲಿ ನಲ್ಗೊಂಡದ ಕಡೆ ಎದ್ದ ದಂಗೆಯನ್ನು ಅಡಗಿಸಲು ನಿಯುಕ್ತನಾದನು. 1458ರಿಂದ 1461ರವರೆಗೆ ಆಳಿದ ಹುಮಾಯೂನ್ ಷಾ ಅವನಿಗೆ ಮಲಿಕ್-ಉತ್-ತುಜ್ಜಾರ್, ಎಂದರೆ ವರ್ತಕರ ಒಡೆಯ, ಎಂಬ ಬಿರುದನ್ನಿತ್ತು ಬಿಜಾಪುರ ಪ್ರಾಂತದ ಆಡಳಿತವನ್ನು ಒಪ್ಪಿಸಿದನು. ಹುಮಾಯೂನನ ತರುವಾಯ ಪಟ್ಟಕ್ಕೆ ಬಂದ ನಿಜಾಮ್ ಷಾ ಎಳೆಯ ಬಾಲಕ. ರಾಜಮಾತೆ ನರ್ಗೀಸ್ ಬೇಗಂ ಇಬ್ಬರು ಹಿರಿಯ ಅಧಿಕಾರಿಗಳ ನೆರವಿನಿಂದ ರಾಜ್ಯವನ್ನು ನಡೆಸಿದಳು. ಅವರಲ್ಲಿ ಮಹಮೂದನು ಒಬ್ಬನು. 1462ರಲ್ಲಿ ಮಾಳವದ ಸುಲ್ತಾನನು ಬೀದರಿನ ಮೇಲೆಯೇ ದಾಳಿಯಿಟ್ಟನು. ರಾಜಧಾನಿಯು ಸಂಕಟಕ್ಕೆ ಸಿಕ್ಕಿದಾಗ ಗುಜರಾತಿನ ಸುಲ್ತಾನನ ಸಹಾಯವನ್ನು ಪಡೆದು ಶತ್ರುವನ್ನು ಹಿಮ್ಮೆಟ್ಟಿಸುವುದರಲ್ಲಿ ಮಹಮೂದನ ಪಾತ್ರ ದೊಡ್ಡದು. 1463ರಲ್ಲಿ ನಿಜಾಮ್ ಷಾ ತೀರಿಕೊಂಡನು. ಅವನ ತಮ್ಮ ಮೂರನೆಯ ಮಹಮ್ಮದ್ ಷಾ ಪಟ್ಟವೇರಿದನು. ಅವನೂ ಹುಡುಗನೇ. ಕೆಲವು ವರ್ಷಗಳಲ್ಲಿ ಮಹಮೂದನು ಪ್ರಧಾನಮಂತ್ರಿಯಾದನು. 1472ರಲ್ಲಿ ಗೋವೆಯ ಬಂದರು ಅವನ ನೇತೃತ್ವದ ಸೈನ್ಯಕ್ಕೆ ವಶವಾಯಿತು. ಬಹಮನಿ ರಾಜ್ಯವು ಹಿಂದೆಂದೂ ಕಾಣದಷ್ಟು ವಿಸ್ತಾರಗೊಂಡಿತು.

ಯುದ್ಧಗಳಲ್ಲಿ ಗೆಲ್ಲುವುದಕ್ಕಿಂತ ಗೆದ್ದ ನಾಡನ್ನು ಆಳುವುದು ಕಠಿಣ. ಮಹಮೂದನ ನಿಜವಾದ ಹಿರಿಮೆ ಕಾಣುವುದು ಅವನ ಆಡಳಿತ ಸುಧಾರಣೆಗಳಲ್ಲಿ. ಆಗ ರಾಜ್ಯವು ತರಫ್ ಎಂಬ ನಾಲ್ಕು ದೊಡ್ಡ ಪ್ರಾಂತಗಳಾಗಿ ಹಂಚಿಹೋಗಿತ್ತು. ಒಂದೊಂದರ ಅಧಿಕಾರಿಯೂ ಒಬ್ಬೊಬ್ಬ ಅರಸನಂತೆ ಮೆರೆಯುತ್ತಿದ್ದನು. ಎಷ್ಟು ಭೂಮಿ ಉಳುಮೆಯಲ್ಲಿದೆ, ಎಷ್ಟು ಸೈನಿಕರು ನಿಜವಾಗಿ ಇದ್ದಾರೆ ಎಂಬ ವಿಷಯಗಳಲ್ಲಿ ರಾಜಧಾನಿಯು ಅವರು ಹೇಳಿದ್ದನ್ನೇ ನಂಬಬೇಕಾಗಿತ್ತು. ಮಹಮೂದನು ನಾಲ್ಕು ಪ್ರಾಂತಗಳನ್ನು ಎಂಟಾಗಿ ವಿಭಜಿಸಿದನು. ಪ್ರತಿಯೊಬ್ಬ ಪ್ರಾಂತಾಧಿಕಾರಿಯ ಕೈಯಲ್ಲಿ ಒಂದೇ ಕೋಟೆಯನ್ನು ಉಳಿಸಿ ಮಿಕ್ಕ ಕೋಟೆಗಳಿಗೆ ರಾಜಧಾನಿಯಿಂದಲೇ ಕಿಲ್ಲೇದಾರರನ್ನು ನೇಮಿಸಿದನು. ಭೂಮಿಯನ್ನು ಅಳೆಯಿಸಿ, ಗ್ರಾಮಗಳ ಎಲ್ಲೆಗಳನ್ನು ಗುರುತಿಸಿ, ಕಂದಾಯವನ್ನು ನಿಷ್ಕರ್ಷೆ ಮಾಡುವ ಕ್ರಮವನ್ನು ತಂದನು. ಸೈನಿಕರ ಸಂಬಳಕ್ಕೆಂದು ಹಣ ಪಡೆಯುವ ಸರದಾರನು ಅಷ್ಟೂ ಜನರನ್ನು ಲೆಕ್ಕಕ್ಕೆ ತೋರಿಸಬೇಕು. ಕಡಿಮೆ ಬಿದ್ದರೆ ಅಷ್ಟು ಹಣವನ್ನು ಹಿಂದಿರುಗಿಸಬೇಕು ಎಂದು ವಿಧಿಸಿದನು.

ಈ ಸುಧಾರಣೆಗಳೆಲ್ಲಕ್ಕೂ ಒಂದೇ ಸೂತ್ರವಿದೆ. ಹೇಳಿಕೆಯನ್ನು ಹೇಳಿಕೆಯಾಗಿಯೇ ನಂಬಬಾರದು. ಅದನ್ನು ಅಳತೆಗೂ ಎಣಿಕೆಗೂ ಒಡ್ಡಬೇಕು ಎಂಬುದೇ ಆ ಸೂತ್ರ. ಅಳೆಯುವ ಹಗ್ಗಕ್ಕೆ ದೊಡ್ಡವನ ಹೊಲ, ಚಿಕ್ಕವನ ಹೊಲ ಎಂಬ ಭೇದವಿಲ್ಲ. ಎಣಿಸುವವನ ಕಣ್ಣಿಗೆ ಹಾಜರಾದ ಸೈನಿಕನೇ ಸೈನಿಕ. ಕಾಗದದ ಮೇಲಿರುವವನು ಸೈನಿಕನಲ್ಲ. ಪ್ರಾಮಾಣಿಕರಿಗೆ ಇದರಿಂದ ಭಯವಿರಲಿಲ್ಲ. ಸುಳ್ಳು ಲೆಕ್ಕದಿಂದ ಬಾಳುತ್ತಿದ್ದವರಿಗೆ ಮಾತ್ರ ಮಂತ್ರಿಯು ಕಣ್ಣಿನ ಮುಳ್ಳಾದನು.

ಅಂದಿನ ಆಸ್ಥಾನದಲ್ಲಿ ಇನ್ನೊಂದು ರೋಗವೂ ಇತ್ತು. ಈ ನೆಲದಲ್ಲಿ ಬಹುಕಾಲದಿಂದ ನೆಲಸಿದ ದಖ್ಖನಿ ಸರದಾರರದು ಒಂದು ಪಕ್ಷ. ಇರಾನ್, ಅರೇಬಿಯಾ ಮೊದಲಾದ ಕಡೆಗಳಿಂದ ಬಂದ ಅಫಾಕಿಗಳದು ಮತ್ತೊಂದು ಪಕ್ಷ. ಒಬ್ಬನು ಆಡಿದ ಮಾತು ಸರಿಯೋ ತಪ್ಪೋ ಎಂದು ಯಾರೂ ಕೇಳುತ್ತಿರಲಿಲ್ಲ. ಆಡಿದವನು ಯಾವ ಪಕ್ಷದವನು ಎಂದು ಮಾತ್ರ ಕೇಳುತ್ತಿದ್ದರು. ಮಹಮೂದನು ಹುಟ್ಟಿನಿಂದ ಅಫಾಕಿ. ಆದರೂ ಪದವಿಗಳನ್ನು ಹಂಚುವಾಗ ಎರಡು ಪಕ್ಷಗಳನ್ನೂ ಸಮತೂಕದಲ್ಲಿ ಇರಿಸಲು ಯತ್ನಿಸಿದನು. ದಖ್ಖನಿಗಳ ನಾಯಕನಾದ ಮಲಿಕ್ ಹಸನನಿಗೂ ಉನ್ನತ ಅಧಿಕಾರ ದೊರೆಯಿತು. ಅದೇ ಮಲಿಕ್ ಹಸನನ ಕಡೆಯವರು ಮುಂದೆ ಅವನ ಕೊರಳಿಗೆ ಉರುಲಾದರು.

ಆ ಕಾಲದ ಬೀದರನ್ನು ಕಣ್ಣಾರೆ ಕಂಡು ಬರೆದ ಪರದೇಶಿಯೊಬ್ಬನಿದ್ದಾನೆ. ಅವನು ರಷ್ಯಾದೇಶದ ತ್ವೇರ್ ಪಟ್ಟಣದ ವರ್ತಕ ಅಫನಾಸಿ ನಿಕಿತಿನ್. ಹದಿನೈದನೆಯ ಶತಮಾನದ ಅರವತ್ತರ ದಶಕದ ಕೊನೆಯಲ್ಲಿ ಅವನು ಒಂದು ಕುದುರೆಯೊಡನೆ ಕೊಂಕಣ ತೀರದಲ್ಲಿಳಿದು, ಜುನ್ನರದ ಮೂಲಕ ಬೀದರಿಗೆ ಬಂದು, ಕುದುರೆಯನ್ನು ಅಲ್ಲಿ ಮಾರಿದನು. ಸುಲ್ತಾನನ ಮೆರವಣಿಗೆಯ ಆನೆಗಳನ್ನೂ ಸರದಾರರ ವೈಭವವನ್ನೂ ಅವನು ಬೆರಗಿನಿಂದ ವರ್ಣಿಸಿದ್ದಾನೆ. ಅದರ ಜೊತೆಗೆ ಹಳ್ಳಿಯ ಜನರು ಕಡುಬಡತನದಲ್ಲಿರುವರೆಂದೂ ಸಿರಿವಂತರು ಮಿತಿಮೀರಿದ ಭೋಗದಲ್ಲಿರುವರೆಂದೂ ಬರೆದಿದ್ದಾನೆ. ಮಹಮೂದನ ಸುಧಾರಣೆಗಳು ಒಳ್ಳೆಯವಾದರೂ ಅವುಗಳ ಫಲ ಬಡವನ ಗುಡಿಸಲನ್ನು ಪೂರ್ಣವಾಗಿ ಮುಟ್ಟಿರಲಿಲ್ಲ. ಮೇಲಿಂದ ಮೇಲೆ ನಡೆದ ಯುದ್ಧಗಳ ಭಾರವೂ ರೈತನ ಮೇಲೆಯೇ ಬೀಳುತ್ತಿತ್ತು. ದೊಡ್ಡವರ ಗುಣವನ್ನು ಹೇಳುವಾಗ ಇಂತಹ ಸಾಕ್ಷ್ಯವನ್ನು ಮುಚ್ಚಿಡಬಾರದು.

ಮಹಮೂದನು ಬಾಳಿದ ಶತಮಾನವು ಜ್ಞಾನದ ಚರಿತ್ರೆಯಲ್ಲಿ ಗಮನಾರ್ಹವಾದುದು. ಅವನು ಇನ್ನೂ ತರುಣನಾಗಿದ್ದಾಗ ಮಧ್ಯ ಏಷ್ಯಾದ ಸಮರಖಂಡದಲ್ಲಿ ಉಲುಘ್ ಬೇಗ್ ಎಂಬ ರಾಜಕುಮಾರನು ಭಾರಿ ವೇಧಶಾಲೆಯೊಂದನ್ನು ಕಟ್ಟಿಸಿದನು. ಗ್ರೀಕ್ ಪಂಡಿತ ಟಾಲೆಮಿಯು ನಕ್ಷತ್ರಗಳ ಸ್ಥಾನಗಳನ್ನು ಕುರಿತು ಬರೆದದ್ದನ್ನು ಪಂಡಿತರು ಹದಿಮೂರು ಶತಮಾನಗಳ ಕಾಲ ಪ್ರಮಾಣವೆಂದು ಮಾನ್ಯಮಾಡಿದ್ದರು. ಉಲುಘ್ ಬೇಗನೂ ಅವನ ಸಂಗಡಿಗರೂ ಆ ಪಟ್ಟಿಯನ್ನು ಸುಮ್ಮನೆ ನಕಲು ಮಾಡಲಿಲ್ಲ. ಆಕಾಶವನ್ನು ಮತ್ತೆ ನೋಡಿದರು, ಮತ್ತೆ ಅಳೆದರು, ಹಿಂದಿನ ತಪ್ಪುಗಳನ್ನು ಕಂಡುಹಿಡಿದರು. ಸುಮಾರು ಒಂದು ಸಾವಿರ ನಕ್ಷತ್ರಗಳ ಹೊಸ ಪಟ್ಟಿಯನ್ನು 1437ರಲ್ಲಿ ಸಿದ್ಧಪಡಿಸಿದರು. ಅದೇ ಕಾಲದಲ್ಲಿ ಕೇರಳದ ಪರಮೇಶ್ವರನೆಂಬ ಜ್ಯೋತಿರ್ವಿದನು ಗ್ರಹಣಗಳನ್ನು ವರ್ಷಗಟ್ಟಲೆ ಗಮನಿಸುತ್ತಿದ್ದನು. ಹಳೆಯ ಗಣಿತದಂತೆ ಬರಬೇಕಾದ ಹೊತ್ತಿಗೂ ಕಣ್ಣಿಗೆ ಕಾಣುವ ಹೊತ್ತಿಗೂ ಅಂತರವಿರುವುದನ್ನು ಕಂಡನು. ಕಣ್ಣಿಗೆ ಕಂಡದ್ದನ್ನು ಅಲ್ಲಗಳೆಯದೆ ಗಣಿತವನ್ನೇ ತಿದ್ದಿದನು. 1431ರಲ್ಲಿ ದೃಗ್ಗಣಿತವೆಂಬ ಗ್ರಂಥವನ್ನು ರಚಿಸಿದನು. ಸಮರಖಂಡದವರು ಕೇರಳದವನನ್ನು ಅರಿಯರು. ಕೇರಳದವನು ಸಮರಖಂಡದವರನ್ನು ಅರಿಯನು. ಆದರೆ ಇಬ್ಬರೂ ನಡೆದ ದಾರಿ ಒಂದೇ. ಹಿರಿಯರನ್ನು ಗೌರವಿಸುವುದೆಂದರೆ ಅವರ ತಪ್ಪುಗಳನ್ನು ಕಾಪಾಡುವುದಲ್ಲ, ಅವರ ಕೆಲಸವನ್ನು ಮುಂದುವರಿಸುವುದು ಎಂಬುದನ್ನು ಅವರು ಮಾಡಿ ತೋರಿಸಿದರು.

ಇಂತಹ ವಿದ್ಯೆಗೆ ಬೀದರಿನಲ್ಲಿ ಒಂದು ನೆಲೆಯನ್ನು ಕಲ್ಪಿಸಬೇಕೆಂದು ಮಹಮೂದನು ಬಯಸಿದನು. 1472ರಲ್ಲಿ ಅವನ ಮದರಸಾ ಪೂರ್ಣಗೊಂಡಿತು. ಮಧ್ಯ ಏಷ್ಯಾ ಮತ್ತು ಇರಾನಿನ ವಿದ್ಯಾಲಯಗಳ ಮಾದರಿಯನ್ನು ಅನುಸರಿಸಿ ಅದನ್ನು ಕಟ್ಟಲಾಯಿತು. ಕಟ್ಟಡದ ಉದ್ದ 205 ಅಡಿ, ಅಗಲ 180 ಅಡಿ. ಮೂರು ಅಂತಸ್ತುಗಳು. ನಡುವೆ ವಿಶಾಲವಾದ ಅಂಗಳ. ಸುತ್ತಲೂ ವಿದ್ಯಾರ್ಥಿಗಳಿಗೆ 36 ಕೋಣೆಗಳು, ಅಧ್ಯಾಪಕರ ಕುಟುಂಬಗಳಿಗೆ 6 ವಸತಿಗಳು. ಪಾಠ ಹೇಳುವ ಸಭಾಂಗಣಗಳು, ಪ್ರಾರ್ಥನೆಗೆ ಮಸೀದಿ, ಓದಲು ಪುಸ್ತಕಭಂಡಾರ ಎಲ್ಲವೂ ಒಂದೇ ಸೂರಿನಡಿ ಇದ್ದವು. ಗಾಳಿಯೂ ಬೆಳಕೂ ಧಾರಾಳವಾಗಿ ಬರುವಂತೆ ಕಿಟಕಿಗಳನ್ನು ಇಟ್ಟಿದ್ದರು. ಪುಸ್ತಕಭಂಡಾರದಲ್ಲಿ 3,000 ಹಸ್ತಪ್ರತಿಗಳಿದ್ದುವೆಂದು ಇತಿಹಾಸಕಾರರು ಹೇಳುತ್ತಾರೆ. ಅಚ್ಚಿನ ಯಂತ್ರವು ಭಾರತಕ್ಕೆ ಇನ್ನೂ ಬಾರದಿದ್ದ ಕಾಲವದು. ಒಂದೊಂದು ಪುಸ್ತಕವನ್ನೂ ಯಾರೋ ಒಬ್ಬನು ತಿಂಗಳುಗಟ್ಟಲೆ ಕುಳಿತು ಕೈಯಿಂದ ಬರೆದಿರಬೇಕು. ಇದನ್ನು ನೆನೆದರೆ ಆ ಸಂಖ್ಯೆಯ ಮಹತ್ವ ಅರಿವಾಗುತ್ತದೆ.

ವಿದ್ಯಾರ್ಥಿಗಳಿಗೆ ಊಟವಸತಿಗಳು ಉಚಿತವಾಗಿದ್ದವು. ದೂರದೂರದ ವಿದ್ವಾಂಸರಿಗೆ ಮಹಮೂದನು ಆಮಂತ್ರಣಗಳನ್ನು ಕಳುಹಿಸಿದನು. ಇರಾನಿನ ಪ್ರಖ್ಯಾತ ಕವಿ ಜಾಮಿಯನ್ನೂ ಕರೆದನು. ಜಾಮಿಯು ಬರಲಿಲ್ಲ, ಆದರೆ ಅವರಿಬ್ಬರ ನಡುವಣ ಪತ್ರವ್ಯವಹಾರ ನಡೆಯುತ್ತಲೇ ಇತ್ತು. ಮಹಮೂದನು ಸ್ವತಃ ಒಳ್ಳೆಯ ಬರಹಗಾರ. ಅರಸರಿಗೂ ಪಂಡಿತರಿಗೂ ಬಂಧುಗಳಿಗೂ ಅವನು ಬರೆದ ಪಾರಸಿ ಪತ್ರಗಳ ಸಂಗ್ರಹವು ರಿಯಾಜ್-ಉಲ್-ಇನ್ಷಾ ಎಂಬ ಹೆಸರಿನಿಂದ ಉಳಿದುಬಂದಿದೆ.

ಆ ಕಾಲದ ವಿದ್ಯಾಲಯಗಳಲ್ಲಿ ಗುರುವು ಹೇಳಿದ್ದನ್ನು ಬಾಯಿಪಾಠ ಮಾಡುವುದು ಮಾತ್ರವೇ ವಿದ್ಯೆಯಾಗಿರಲಿಲ್ಲ. ಮೂಲಗ್ರಂಥವನ್ನು ಓದುವುದು, ಅದರ ವ್ಯಾಖ್ಯಾನಗಳನ್ನು ನೋಡುವುದು, ಒಬ್ಬ ವ್ಯಾಖ್ಯಾನಕಾರನ ಮಾತಿಗೆ ಇನ್ನೊಬ್ಬನು ಎತ್ತಿದ ಆಕ್ಷೇಪವನ್ನು ತೂಗುವುದು, ಕಡೆಗೆ ವಾದಕ್ಕೆ ನಿಲ್ಲುವುದು ಇವೆಲ್ಲ ಓದಿನ ಅಂಗಗಳಾಗಿದ್ದವು. ನಮ್ಮ ನಾಡಿನ ಶಾಸ್ತ್ರಗ್ರಂಥಗಳಲ್ಲಿಯೂ ಇದೇ ಕ್ರಮವಿದೆ. ಮೊದಲು ಎದುರಾಳಿಯ ಮಾತನ್ನು ಪೂರ್ವಪಕ್ಷವಾಗಿ ನ್ಯಾಯವಾಗಿ ಹೇಳಬೇಕು. ಅದಕ್ಕೆ ಉತ್ತರ ಕೊಟ್ಟ ಮೇಲೆಯೇ ತನ್ನ ಸಿದ್ಧಾಂತವನ್ನು ಸ್ಥಾಪಿಸಬೇಕು. ಎದುರುಮಾತಿಗೆ ಎಡೆಯಿಲ್ಲದ ಕಡೆ ಸಿದ್ಧಾಂತವೂ ಇರಲಾರದು.

ಅಧಿಕಾರದ ಶಿಖರದಲ್ಲಿದ್ದರೂ ಮಹಮೂದನ ಜೀವನ ಅತ್ಯಂತ ಸರಳವಾಗಿತ್ತು. ವ್ಯಾಪಾರಕ್ಕೆಂದು ತಾನು ತಂದಿದ್ದ ಬಂಡವಾಳವನ್ನು ಅವನು ಎಂದೂ ಬಿಡಲಿಲ್ಲ. ಅದರಿಂದ ಬಂದ ಲಾಭದಲ್ಲಿ ತನ್ನ ಊಟ ಬಟ್ಟೆಗಳಿಗೆ ಬೇಕಾದಷ್ಟನ್ನು ಇಟ್ಟುಕೊಂಡು ಉಳಿದುದನ್ನು ಬಡವರಿಗೆ ಹಂಚುತ್ತಿದ್ದನು. ಮಣ್ಣಿನ ಪಾತ್ರೆಯಲ್ಲಿ ಅಡುಗೆ, ಚಾಪೆಯ ಮೇಲೆ ನಿದ್ರೆ. ಬಿಡುವು ದೊರೆತರೆ ಮದರಸಾಕ್ಕೆ ಹೋಗಿ ವಿದ್ವಾಂಸರೊಡನೆ ಕಾಲ ಕಳೆಯುತ್ತಿದ್ದನೆಂದು ಹೇಳುತ್ತಾರೆ.

ಇಷ್ಟರಲ್ಲಿ ಅವನ ವಿರೋಧಿಗಳು ಸುಮ್ಮನಿರಲಿಲ್ಲ. ನೇರವಾಗಿ ಎದುರಿಸಲಾರದೆ ಅವರು ವಂಚನೆಯ ದಾರಿಯನ್ನು ಹಿಡಿದರು. ಮಹಮೂದನ ಮುದ್ರೆಯನ್ನು ಕಾಯುತ್ತಿದ್ದ ಗುಲಾಮನ ಸ್ನೇಹ ಬೆಳೆಸಿ, ಅವನನ್ನು ಮದ್ಯದಲ್ಲಿ ಮುಳುಗಿಸಿ, ಮಡಿಸಿದ ಒಂದು ಹಾಳೆಯ ಮೇಲೆ ಮಂತ್ರಿಯ ಮುದ್ರೆಯನ್ನು ಒತ್ತಿಸಿಕೊಂಡರು. ಹಾಳೆಯ ಒಳಗೆ ಏನೂ ಬರೆದಿರಲಿಲ್ಲ. ಬಳಿಕ ಅದರಲ್ಲಿ ಒರಿಸ್ಸಾದ ಅರಸನಾದ ಪುರುಷೋತ್ತಮ ಗಜಪತಿಗೆ ಮಹಮೂದನೇ ಬರೆದಂತೆ ಒಂದು ಪತ್ರವನ್ನು ಬರೆದರು. ಸುಲ್ತಾನನು ಕುಡಿತದಲ್ಲಿ ಮೈಮರೆತಿದ್ದಾನೆ, ನೀವು ಆ ಕಡೆಯಿಂದ ದಂಡೆತ್ತಿ ಬಂದರೆ ನಾನು ಈ ಕಡೆಯಿಂದ ನೆರವಾಗುತ್ತೇನೆ, ರಾಜ್ಯವನ್ನು ಹಂಚಿಕೊಳ್ಳೋಣ ಎಂಬುದು ಅದರ ಸಾರಾಂಶ.

1481ರಲ್ಲಿ ಸುಲ್ತಾನನ ಬಿಡಾರವು ಆಂಧ್ರದ ಕೊಂಡಪಲ್ಲಿಯಲ್ಲಿತ್ತು. ಅಲ್ಲಿ ಆ ಪತ್ರವನ್ನು ಅವನ ಮುಂದೆ ಓದಲಾಯಿತು. ಸುಲ್ತಾನನು ಆಗ ಅಮಲಿನಲ್ಲಿದ್ದನು. ಕೂಡಲೇ ಮಂತ್ರಿಗೆ ಕರೆ ಹೋಯಿತು. ಹಿತೈಷಿಗಳು ಮಹಮೂದನಿಗೆ ಅಪಾಯದ ಸೂಚನೆ ಕೊಟ್ಟರು. ಅಂದು ಹೋಗಬೇಡವೆಂದೂ ಗುಜರಾತಿಗೆ ತೆರಳುವುದು ಲೇಸೆಂದೂ ಹೇಳಿದರು. ತಪ್ಪು ಮಾಡದವನು ಓಡುವುದೇಕೆ ಎಂಬುದು ಅವನ ನಿಲುವು. ಅವನು ಸುಲ್ತಾನನ ಎದುರಿಗೆ ಬಂದು ನಿಂತನು. ರಾಜದ್ರೋಹಿಗೆ ತಕ್ಕ ದಂಡನೆ ಯಾವುದೆಂದು ಸುಲ್ತಾನನು ಕೇಳಿದನು. ಮರಣವೇ ತಕ್ಕ ದಂಡನೆಯೆಂದು ಮಹಮೂದನು ಅಳುಕದೆ ಉತ್ತರಿಸಿದನು. ಪತ್ರವನ್ನು ಅವನ ಮುಂದೆ ಹಿಡಿಯಲಾಯಿತು. ಮುದ್ರೆಯು ತನ್ನದೆಂದೂ ಬರಹವು ತನ್ನದಲ್ಲವೆಂದೂ ಅವನು ಹೇಳಿದನು. ಸುಲ್ತಾನನು ಮುಂದಿನ ಮಾತನ್ನು ಕೇಳಲು ಸಿದ್ಧನಿರಲಿಲ್ಲ. ಜೌಹರ್ ಎಂಬ ಸೇವಕನಿಗೆ ಅಪ್ಪಣೆ ಕೊಟ್ಟು ಎದ್ದುಹೋದನು. ಮುದುಕನಾದ ತನ್ನನ್ನು ಕೊಲ್ಲುವುದು ದೊಡ್ಡದಲ್ಲ, ಅದರಿಂದ ರಾಜ್ಯಕ್ಕೆ ಕೇಡಾಗುವುದು ಎಂದು ಮಹಮೂದನು ಎಚ್ಚರಿಸಿದ್ದು ವ್ಯರ್ಥವಾಯಿತು. ಏಪ್ರಿಲ್ 5ರಂದು, ಎಪ್ಪತ್ತರ ಹರೆಯದ ಆ ವೃದ್ಧನ ತಲೆ ನೆಲಕ್ಕುರುಳಿತು.

ಈ ಘಟನೆಯಲ್ಲಿ ವಿಚಾರ ಮಾಡಬೇಕಾದ ಅಂಶವೊಂದಿದೆ. ಸುಲ್ತಾನ ಮಹಮ್ಮದ್ ಷಾ ಅವಿದ್ಯಾವಂತನಲ್ಲ. ಬಹಮನಿ ಅರಸರಲ್ಲಿ ಫಿರೋಜ್ ಷಾನನ್ನು ಬಿಟ್ಟರೆ ಅವನೇ ಹೆಚ್ಚು ಓದಿದವನೆಂದು ಹೆಸರಾಗಿದ್ದನು. ಆದರೂ ಅವನು ತಪ್ಪಿದ್ದೆಲ್ಲಿ? ಮಂತ್ರಿಯು ದ್ರೋಹಿ ಎಂಬುದು ಅವನ ಮುಂದೆ ಬಂದ ಒಂದು ಊಹೆ ಮಾತ್ರ. ಆ ಊಹೆಗೆ ಅನುಕೂಲವಾದ ಒಂದೇ ಒಂದು ಸಾಕ್ಷ್ಯವನ್ನು, ಮುದ್ರೆಯನ್ನು, ಅವನು ನೋಡಿದನು; ಅಲ್ಲಿಗೆ ನಿಲ್ಲಿಸಿದನು. ಬರಹವು ಯಾರ ಕೈಯದು? ಪತ್ರವನ್ನು ಒಯ್ಯುತ್ತಿದ್ದವನು ಯಾರು, ಅವನೆಲ್ಲಿ? ಮುದ್ರೆಯನ್ನು ಕಾಯುವವನು ಏನು ಹೇಳುತ್ತಾನೆ? ಪತ್ರವನ್ನು ತಂದವರಿಗೆ ಇದರಿಂದ ಏನು ಲಾಭ? ಇಪ್ಪತ್ತೆಂಟು ವರ್ಷ ರಾಜ್ಯವನ್ನು ಕಾಪಾಡಿದವನು ಈಗ ಅದನ್ನು ಮಾರುವುದೇಕೆ? ಇವುಗಳಲ್ಲಿ ಯಾವುದಾದರೊಂದು ಪ್ರಶ್ನೆಯನ್ನು ಕೇಳಿದ್ದರೂ ಸಂಚು ಹೊರಬೀಳಬಹುದಾಗಿತ್ತು. ಮುದ್ರೆ ನಿಜವಾದ ಮಾತ್ರಕ್ಕೆ ಬರಹವೂ ನಿಜವಾಗಬೇಕಾಗಿಲ್ಲ ಎಂಬ ಸಣ್ಣ ವಿವೇಕವೇ ಆ ಹೊತ್ತಿನಲ್ಲಿ ಇಲ್ಲವಾಯಿತು.

ಇಪ್ಪತ್ತನೆಯ ಶತಮಾನದಲ್ಲಿ ಕಾರ್ಲ್ ಪಾಪ್ಪರ್ ಎಂಬ ತತ್ತ್ವಜ್ಞಾನಿಯು ಈ ವಿವೇಕವನ್ನೇ ಒಂದು ದರ್ಶನವಾಗಿ ರೂಪಿಸಿದನು. 1902ರಲ್ಲಿ ವಿಯೆನ್ನಾ ನಗರದಲ್ಲಿ ಹುಟ್ಟಿ 1994ರಲ್ಲಿ ಇಂಗ್ಲೆಂಡಿನಲ್ಲಿ ತೀರಿಕೊಂಡ ಅವನ ವಿಚಾರಸರಣಿಗೆ ವಿಮರ್ಶಾತ್ಮಕ ವಿಚಾರವಾದವೆಂದು ಹೆಸರು. ಮಾನವನ ಅರಿವೆಲ್ಲವೂ ಊಹೆಯಿಂದ ಆರಂಭವಾಗುತ್ತದೆ. ಊಹಿಸುವುದು ತಪ್ಪಲ್ಲ, ಊಹೆಯನ್ನು ಪರೀಕ್ಷೆಗೆ ಒಡ್ಡದಿರುವುದು ತಪ್ಪು ಎಂದು ಅವನು ವಾದಿಸಿದನು. ತನ್ನ ಊಹೆಗೆ ಅನುಕೂಲವಾದ ಸಾಕ್ಷ್ಯವನ್ನು ಹುಡುಕುವವನಿಗೆ ಅದು ಎಲ್ಲಿಯಾದರೂ ಸಿಕ್ಕೇ ಸಿಗುತ್ತದೆ. ಆದ್ದರಿಂದ ಊಹೆಯು ಸುಳ್ಳಾಗಿದ್ದರೆ ಎಲ್ಲಿ ಮುರಿದುಬೀಳಬೇಕೋ ಅಲ್ಲಿಯೇ ಅದನ್ನು ತಟ್ಟಿ ನೋಡಬೇಕು. ಕುಂಬಾರನ ಅಂಗಡಿಯಲ್ಲಿ ಗಡಿಗೆ ಕೊಳ್ಳುವವಳು ಅದರ ಅಂದವನ್ನಷ್ಟೇ ನೋಡುವುದಿಲ್ಲ. ಬೆರಳಿನಿಂದ ತಟ್ಟಿ ಬಿರುಕಿನ ಸದ್ದು ಬರುವುದೇ ಎಂದು ಕಿವಿಗೊಡುತ್ತಾಳೆ. ಮಾತನ್ನೂ ಹಾಗೆಯೇ ತಟ್ಟಿ ನೋಡಬೇಕು. ಹತ್ತು ಪರೀಕ್ಷೆಗಳಲ್ಲಿ ಉಳಿದ ಮಾತನ್ನೂ ಹನ್ನೊಂದನೆಯದಕ್ಕೆ ಒಡ್ಡಲು ಸಿದ್ಧರಿರಬೇಕು. ತಪ್ಪುಗಳನ್ನು ಒಂದೊಂದಾಗಿ ಕಂಡುಹಿಡಿದು ಕಳೆಯುವುದರಿಂದಲೇ ಜ್ಞಾನವು ಬೆಳೆಯುತ್ತದೆ. ಸಮರಖಂಡದವರೂ ಪರಮೇಶ್ವರನೂ ಮಾಡಿದ್ದು ಇದನ್ನೇ. ಕೊಂಡಪಲ್ಲಿಯ ಬಿಡಾರದಲ್ಲಿ ನಡೆಯದೆ ಹೋದದ್ದೂ ಇದೇ. ಆಕಾಶದ ನಕ್ಷತ್ರದ ವಿಷಯದಲ್ಲಿ ತಪ್ಪಿದರೆ ಪಟ್ಟಿಯನ್ನು ತಿದ್ದಬಹುದು. ಕತ್ತರಿಸಿದ ತಲೆಯನ್ನು ಮತ್ತೆ ಕೂಡಿಸಲಾಗದು. ಆದ್ದರಿಂದ ಅಧಿಕಾರವುಳ್ಳವನಿಗೆ ಪರೀಕ್ಷಕಬುದ್ಧಿಯು ಪಂಡಿತನಿಗಿಂತಲೂ ಹೆಚ್ಚು ಅಗತ್ಯ.

ಮಹಮೂದನನ್ನು ಕೊಲ್ಲಿಸಿದ ಸುಲ್ತಾನನು ಅವನ ಭಂಡಾರದಲ್ಲಿ ಅಪಾರ ಐಶ್ವರ್ಯವಿರುವುದೆಂದು ಎಣಿಸಿದ್ದನು. ಕೋಶಾಧಿಕಾರಿಯನ್ನು ಕರೆಸಿ ಲೆಕ್ಕ ಕೇಳಿದಾಗ ಅಲ್ಲಿ ಅಲ್ಪ ಹಣವಲ್ಲದೆ ಮತ್ತೇನೂ ಇರಲಿಲ್ಲ. ದಾನಕ್ಕೆ ಎಷ್ಟು ಹೋಗಿತ್ತು, ಸ್ವಂತಕ್ಕೆ ಎಷ್ಟು ಕಡಿಮೆ ಖರ್ಚಾಗಿತ್ತು ಎಂಬುದು ತಿಳಿಯಿತು. ಪತ್ರದ ಮೋಸವೂ ಬಯಲಾಯಿತು. ಸುಲ್ತಾನನು ಪಶ್ಚಾತ್ತಾಪದಿಂದ ಬೆಂದನು. ಆದರೆ ಕಾಲ ಮಿಂಚಿತ್ತು. ಒಂದು ವರ್ಷ ತುಂಬುವುದರೊಳಗೆ, 1482ರ ಮಾರ್ಚಿಯಲ್ಲಿ, ಅವನೂ ತೀರಿಕೊಂಡನು. ಮುಂದೆ ರಾಜ್ಯವನ್ನು ಹಿಡಿದು ನಿಲ್ಲಿಸುವವರಿಲ್ಲದೆ ಪ್ರಾಂತಾಧಿಕಾರಿಗಳು ಒಬ್ಬೊಬ್ಬರಾಗಿ ಸ್ವತಂತ್ರರಾದರು. ಬಿಜಾಪುರ, ಅಹಮದನಗರ, ಬಿರಾರ, ಗೋಲ್ಕೊಂಡ, ಬೀದರ್ ಎಂದು ಬಹಮನಿ ರಾಜ್ಯವು ಐದು ಹೋಳಾಯಿತು.

ಮದರಸಾ ಮಾತ್ರ ಇನ್ನೂ ಎರಡು ಶತಮಾನಗಳ ಕಾಲ ಇಡಿಯಾಗಿ ನಿಂತಿತ್ತು. ಔರಂಗಜೇಬನು ಬೀದರನ್ನು ಗೆದ್ದ ಮೇಲೆ ಪುಸ್ತಕಗಳಿಗಾಗಿ ಕಟ್ಟಿದ ಆ ಮನೆಯಲ್ಲಿ ಮದ್ದುಗುಂಡನ್ನು ತುಂಬಿಟ್ಟರು. 1696ರಲ್ಲಿ ಅದು ಸಿಡಿದು ಮುಂಭಾಗದ ಬಹುಪಾಲೂ ಒಂದು ಮಿನಾರೂ ನೆಲಸಮವಾದವು. ಇಂದು ಆ ಕಟ್ಟಡವು ಭಾರತ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿದೆ. ಅದನ್ನು ಕಟ್ಟಿಸಿದವನ ಸರಳವಾದ ಸಮಾಧಿಯು ಬೀದರಿಗೆ ಸಮೀಪದ ಗೋರನಳ್ಳಿಯ ಬಳಿಯಿದೆ.

ಮಹಮೂದನ ವಿಷಯದಲ್ಲಿ ಇಂದು ತಿಳಿದಿರುವ ಸಂಗತಿಗಳು ಕೂಡ ಪರೀಕ್ಷೆಯ ದಾರಿಯಿಂದಲೇ ದೊರೆತವು. ಅವನ ಕಥೆಯನ್ನು ವಿಸ್ತಾರವಾಗಿ ಬರೆದ ಫೆರಿಷ್ತಾ ಮತ್ತು ತಬಾತಬಾ ಎಂಬ ಇತಿಹಾಸಕಾರರು ಅವನು ಸತ್ತು ನೂರು ವರ್ಷಗಳಾದ ಮೇಲೆ ಬರೆದವರು. ಫೆರಿಷ್ತಾನು ಬಿಜಾಪುರದ ಆಶ್ರಯದಲ್ಲಿದ್ದವನು; ಆ ರಾಜ್ಯವನ್ನು ಸ್ಥಾಪಿಸಿದ ಯೂಸುಫ್ ಆದಿಲ್ ಖಾನನು ಮಹಮೂದನ ಆಪ್ತ. ತಬಾತಬಾ ಅಹಮದನಗರದ ಆಶ್ರಯದಲ್ಲಿದ್ದವನು. ಆ ರಾಜ್ಯವನ್ನು ಸ್ಥಾಪಿಸಿದವನು ಮಲಿಕ್ ಹಸನನ ಮಗ. ಇಬ್ಬರ ಮಾತಿನಲ್ಲಿಯೂ ಒಲವು ನುಸುಳಿರಬಹುದು. ಆದ್ದರಿಂದ ಈ ಕಾಲದ ವಿದ್ವಾಂಸರು ಅವರ ಗ್ರಂಥಗಳನ್ನು ಒಂದರ ಪಕ್ಕದಲ್ಲಿ ಒಂದನ್ನು ಇಟ್ಟು ನೋಡಿದರು. ಮಹಮೂದನ ಪತ್ರಗಳು, ಕಟ್ಟಡಗಳ ಮೇಲಿನ ಶಾಸನಗಳು, ನಿಕಿತಿನನ ಪ್ರವಾಸಕಥನ ಇವುಗಳೊಡನೆ ಹೋಲಿಸಿದರು. ಹೈದರಾಬಾದಿನ ಹರೂನ್ ಖಾನ್ ಶೇರ್ವಾನಿಯವರು 1942ರಲ್ಲಿ ಮಹಮೂದನ ಜೀವನಚರಿತ್ರೆಯನ್ನು ಪ್ರಕಟಿಸಿದರು. ಗುಲಾಂ ಯಜ್ದಾನಿಯವರು ಬೀದರಿನ ಸ್ಮಾರಕಗಳನ್ನು ಅಳೆದು ವಿವರಿಸಿದ ಗ್ರಂಥವು 1947ರಲ್ಲಿ ಹೊರಬಂದಿತು. ಸುಲ್ತಾನನು ಒಂದು ಪತ್ರದ ವಿಷಯದಲ್ಲಿ ಮಾಡದ ವಿಚಾರಣೆಯನ್ನು ಈ ವಿದ್ವಾಂಸರು ಅವನ ಇಡೀ ಕಾಲದ ವಿಷಯದಲ್ಲಿ ಮಾಡಿದರು.

ಮೂರು ಸಾವಿರ ಹಸ್ತಪ್ರತಿಗಳ ಆ ಭಂಡಾರ ಇಂದು ಇಲ್ಲ. ಪಾಠ ಹೇಳಿದವರೂ ಕೇಳಿದವರೂ ಇಲ್ಲ. ಆದರೆ ವಿದ್ಯಾಲಯವು ಕಲಿಸಬೇಕಾದ ಮುಖ್ಯ ಪಾಠವು ಪುಸ್ತಕದೊಡನೆ ಸುಟ್ಟುಹೋಗುವಂತಹುದಲ್ಲ. ಕೇಳಿದ್ದನ್ನು ಒಡನೆಯೇ ನಂಬದಿರುವುದು, ಆರೋಪ ಹೊತ್ತವನಿಗೆ ಮಾತನಾಡಲು ಅವಕಾಶ ಕೊಡುವುದು, ತನ್ನ ತಪ್ಪನ್ನು ಇತರರು ತೋರಿಸಿದಾಗ ತಿದ್ದಿಕೊಳ್ಳುವುದು ಇವು ಪಂಡಿತನಿಗೂ ಪಾಮರನಿಗೂ ಸಮಾನವಾದ ಕರ್ತವ್ಯಗಳು. ಮಾತು ಹಿಂದಿಗಿಂತ ವೇಗವಾಗಿ ಹಬ್ಬುವ ಈ ಕಾಲದಲ್ಲಿ ಮುದ್ರೆ ಬಿದ್ದ ಹಾಳೆಗಳಿಗೆ ಕೊರತ�ೆಯಿಲ್ಲ. ಅವುಗಳನ್ನು ಬಿಚ್ಚಿ, ಬರಹ ಯಾರದೆಂದು ಕೇಳುವ ಮನಸ್ಸಿಗೆ ಮಾತ್ರ ಕೊರತೆಯಾಗಬಾರದು. ಬೀದರಿನ ಒಂಟಿ ಮಿನಾರು ವಿದ್ಯೆಯ ಹಿರಿಮೆಯನ್ನು ಸಾರುತ್ತದೆ. ಅದರ ಪಕ್ಕದ ಬರಿದಾದ ಜಾಗವು ವಿವೇಕ ತಪ್ಪಿದರೆ ಏನಾಗುವುದೆಂಬುದನ್ನು ನೆನಪಿಸುತ್ತದೆ.